ಮುಂದಿನ ಸಾಲಿನ ಕುರ್ಚಿಗೆ ದುಡ್ಡು ಕೊಟ್ಟವರು ಯಾರು?

ಎಲ್ಲರಿಗೂ ನಮಸ್ಕಾರ.

ಪರದೇಶದಲ್ಲಿ ಫ್ಯಾಷನ್ ಪತ್ರಕರ್ತರಾಗಿ ಬಾಳಿದವರ ಬಗ್ಗೆ ಮಾತಾಡುತ್ತೇನೆ ಅಂತ ನಿಮ್ಮ ಮೇಷ್ಟ್ರು ಹೇಳಿದಾಗ ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಪರವಾಗಿಲ್ಲ, ನಗಿ. ನಮ್ಮಲ್ಲಿ ಒಂದು ಲೆಕ್ಕ ಇದೆ. ವಿಧಾನಸೌಧದ ವರದಿ ಅಂದರೆ ಪತ್ರಿಕೋದ್ಯಮ, ಬಟ್ಟೆಯ ವರದಿ ಅಂದರೆ ಭಾನುವಾರದ ಪುರವಣಿಗೆ ಒಂದು ಚೆಂದದ ಫೋಟೊ. ಈ ಲೆಕ್ಕ ತಪ್ಪು ಅಂತ ಹೇಳುವುದಕ್ಕೇ ನಾನು ಇಲ್ಲಿಗೆ ಬಂದಿದ್ದೇನೆ. ಬಟ್ಟೆಯ ಹಿಂದೆ ಗಿರಣಿ ಇದೆ, ಕೂಲಿ ಇದೆ, ಸಾಲ ಇದೆ, ಸರ್ಕಾರದ ನೀತಿ ಇದೆ. ಅದನ್ನೆಲ್ಲ ನೋಡಬಲ್ಲ ವರದಿಗಾರ ಎರಡು ಪ್ರಶ್ನೆ ಕೇಳುತ್ತಾನೆ. ಇದನ್ನು ಹೊಲಿದಿದ್ದು ಹೇಗೆ? ಇದರ ದುಡ್ಡು ಯಾರದ್ದು? ಎರಡನೆಯದನ್ನು ನಾನು ಇವತ್ತು ಪದೇ ಪದೇ ಕೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಕಾರ್ಮೆಲ್ ಸ್ನೋ ಅವರಿಂದ ಶುರು ಮಾಡೋಣ. ಹುಟ್ಟಿದ್ದು 1887ರಲ್ಲಿ, ಐರ್ಲೆಂಡಿನ ಡಬ್ಲಿನ್ ಹತ್ತಿರದ ಡಾಲ್ಕಿಯಲ್ಲಿ. ಬೆಳೆದಿದ್ದು ಅಮೆರಿಕದಲ್ಲಿ. ತಾಯಿ ನ್ಯೂಯಾರ್ಕಿನಲ್ಲಿ ಉಡುಪಿನ ಅಂಗಡಿ ನಡೆಸುತ್ತಿದ್ದರು. ಪ್ಯಾರಿಸ್ಸಿನ ಗೌನುಗಳನ್ನು ನೋಡಿಕೊಂಡು ಬಂದು ಅದೇ ಥರ ಹೊಲಿದುಕೊಡುವ ವ್ಯಾಪಾರ. ಮಗಳೂ ಅಲ್ಲೇ ಕೆಲಸ ಮಾಡಿದರು. ಬಟ್ಟೆ ಮುಟ್ಟಿ, ಹೊಲಿಗೆ ತಿರುಗಿಸಿ ನೋಡುವುದನ್ನು ಕಲಿತಮೇಲೇ ಅವರು ಪತ್ರಿಕೆಗೆ ಬಂದಿದ್ದು. 1921ರಲ್ಲಿ 'ವೋಗ್', 1932ರಲ್ಲಿ 'ಹಾರ್ಪರ್ಸ್ ಬಜಾರ್'. ನ್ಯೂಯಾರ್ಕಿನಲ್ಲಿ ಅವರು ಐರಿಷ್ ಹೆಂಗಸು, ಪ್ಯಾರಿಸ್ಸಿನಲ್ಲಿ ಅಮೆರಿಕನ್ ಹೆಂಗಸು. ಎರಡೂ ಕಡೆ ಹೊರಗಿನವರೇ.

ಈಗ 1947ರ ಫೆಬ್ರುವರಿ 12ಕ್ಕೆ ಬನ್ನಿ. ಈ ಕಥೆ ಹೇಳುವುದೆಂದರೆ ನನಗೆ ತುಂಬಾ ಇಷ್ಟ, ಸ್ವಲ್ಪ ಉದ್ದವಾದರೂ ಕೇಳಿ. ಪ್ಯಾರಿಸ್, ಮೊಂಟೇನ್ ಅವೆನ್ಯೂ, 30ನೇ ನಂಬರಿನ ಕಟ್ಟಡ. ಮೈ ಕೊರೆಯುವ ಚಳಿ. ಯುದ್ಧ ಮುಗಿದಿದೆ, ಆದರೆ ಕಲ್ಲಿದ್ದಲು ಇಲ್ಲ, ಬಟ್ಟೆಗೆ ಬರ. ಕ್ರಿಶ್ಚಿಯನ್ ಡಿಯೋರ್ ಅನ್ನುವ ಹೊಸಬನ ಮೊದಲ ಪ್ರದರ್ಶನ. ಅಮೆರಿಕದಿಂದ ಬಂದಿದ್ದ ವ್ಯಾಪಾರಿಗಳಲ್ಲಿ ಎಷ್ಟೋ ಮಂದಿ ಬೇರೆ ಕಡೆ ಆರ್ಡರ್ ಕೊಟ್ಟು ಆಗಲೇ ಊರಿಗೆ ಹೊರಟಾಗಿತ್ತು. ಹೊಸಬನದ್ದು ಏನಿರುತ್ತೆ ಅಂತ ಉದಾಸೀನ. ಕಾರ್ಮೆಲ್ ಸ್ನೋ ಉಳಿದುಕೊಂಡರು.

ಕೆನೆ ಬಣ್ಣದ ರೇಷ್ಮೆ ಜಾಕೆಟ್ ತೊಟ್ಟ ಹುಡುಗಿ ಬಂದಳು. ನಡು ಬಿಗಿ, ಸೊಂಟದ ಹತ್ತಿರ ಒಳಗಿಂದ ಪ್ಯಾಡ್ ಕೊಟ್ಟು ಉಬ್ಬಿಸಿದ್ದರು. ಕೆಳಗೆ ಕಪ್ಪು ಉಣ್ಣೆಯ ಲಂಗ, ನೆರಿಗೆಯ ಮೇಲೆ ನೆರಿಗೆ. ಯುದ್ಧಕಾಲದ ಉಡುಪು ಮೊಣಕಾಲಿಗೇ ನಿಲ್ಲುತ್ತಿತ್ತು, ಇದು ಮೀನಖಂಡವನ್ನೂ ದಾಟಿ ಇಳಿದಿತ್ತು. ಹುಡುಗಿ ತಿರುಗಿದಾಗ ಲಂಗದ ಅಂಚು ಪಕ್ಕದ ಕುರ್ಚಿಗಳಿಗೆ ತಾಗುವಷ್ಟು ಘೇರು. ಸ್ನೋ ಅವರು ಎದ್ದು ಡಿಯೋರ್‌ಗೆ ಹೇಳಿದ ಮಾತಿನಲ್ಲಿ 'ನ್ಯೂ ಲುಕ್' ಅನ್ನುವ ಎರಡು ಪದ ಇತ್ತು. ಅಲ್ಲಿದ್ದ ರಾಯಿಟರ್ಸ್ ವರದಿಗಾರರೊಬ್ಬರು ಅದನ್ನು ಚೀಟಿಯಲ್ಲಿ ಗೀಚಿ, ಕೆಳಗೆ ರಸ್ತೆಯಲ್ಲಿ ನಿಂತಿದ್ದ ಹುಡುಗನಿಗೆ ಬಾಲ್ಕನಿಯಿಂದ ಎಸೆದರು ಅಂತ ಹೇಳುತ್ತಾರೆ. ಫ್ರಾನ್ಸಿನ ಪತ್ರಿಕೆಗಳು ಆಗ ಮುಷ್ಕರದಲ್ಲಿದ್ದವು. ಹಾಗಾಗಿ ಪ್ಯಾರಿಸ್ಸಿನ ಸುದ್ದಿ ಪ್ಯಾರಿಸ್ಸಿನವರಿಗಿಂತ ಮೊದಲು ಅಮೆರಿಕದವರಿಗೆ ಸಿಕ್ಕಿತು! ಊರಿಗೆ ಹೊರಟಿದ್ದ ವ್ಯಾಪಾರಿಗಳು ಬಿದ್ದಂಬೀಳ ವಾಪಸ್ ಓಡಿಬರಬೇಕಾಯಿತು.

ಎಲ್ಲರೂ ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ನನ್ನ ಪ್ರಶ್ನೆ ಈಗ ಶುರು. ದುಡ್ಡು ಯಾರದ್ದು?

ಮಾರ್ಸೆಲ್ ಬುಸಾಕ್ ಅನ್ನುವವನದ್ದು. ಯಾರು ಈತ? ಫ್ರಾನ್ಸಿನ ದೊಡ್ಡ ಹತ್ತಿ ಗಿರಣಿ ಮಾಲೀಕ. ಡಿಯೋರ್ ಸಂಸ್ಥೆಗೆ ಬಂಡವಾಳ ಹಾಕಿದವನು ಬಟ್ಟೆ ನೇಯಿಸಿ ಮಾರುವವನು. ಲಂಗಕ್ಕೆ ಬಟ್ಟೆ ಜಾಸ್ತಿ ಬೇಕಾದಷ್ಟೂ ಗಿರಣಿಯವರಿಗೆ ಲಾಭ, ಅಲ್ವಾ? ಡಿಯೋರ್ ಕಲಾವಿದನಲ್ಲ ಅಂತ ನಾನು ಹೇಳುತ್ತಿಲ್ಲ. ಆತನ ಕತ್ತರಿಯ ಕೆಲಸ ನೋಡಿದವರು ಹಾಗೆ ಹೇಳಲಾರರು. ಆದರೆ ನೆರಿಗೆ ಎಣಿಸುವ ವರದಿಗಾರ ಗಿರಣಿಯನ್ನೂ ನೋಡಬೇಕು. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಇತ್ತು, 1949ರವರೆಗೂ ಇತ್ತು. ಡಿಯೋರ್ 1947ರಲ್ಲೇ ಅಮೆರಿಕಕ್ಕೆ ಹೋದಾಗ ಶಿಕಾಗೊದ ಹೆಂಗಸರು ಉದ್ದ ಲಂಗದ ವಿರುದ್ಧ ಫಲಕ ಹಿಡಿದು ನಿಂತರು. ಇದೆಲ್ಲ ಸುದ್ದಿ ಅಲ್ವಾ? ಇದು ಬಣ್ಣದ ಪುಟಕ್ಕೆ ಮಾತ್ರ ಸೇರಿದ್ದಾ?

ಕಥೆಯಲ್ಲೇ ಹೊತ್ತು ಹೋಯಿತು. ಸೂಜಿ ಮೆಂಕೆಸ್ ಅವರಿಗೆ ಬರುತ್ತೇನೆ.

ಇವರು ಇಂಗ್ಲೆಂಡಿನವರು, ಹುಟ್ಟಿದ್ದು 1943ರಲ್ಲಿ. ಹದಿಹರೆಯದಲ್ಲೇ ಪ್ಯಾರಿಸ್ಸಿಗೆ ಹೋಗಿ ಹೊಲಿಗೆ ಮತ್ತು ಕಟಿಂಗ್ ಕಲಿತರು. ಅಲ್ಲಿ ಮನೆ ಕೊಟ್ಟಿದ್ದಾಕೆ ನೀನಾ ರಿಚ್ಚಿ ಅನ್ನುವ ಫ್ಯಾಷನ್ ಸಂಸ್ಥೆಯ ಪ್ರದರ್ಶನಕ್ಕೆ ಒಳಗೆ ಹೋಗುವ ವ್ಯವಸ್ಥೆ ಮಾಡಿಕೊಟ್ಟರಂತೆ. ಅಲ್ಲಿಗೆ ಹುಡುಗಿಯ ದಾರಿ ತೀರ್ಮಾನವಾಯಿತು. ಆಮೇಲೆ ಕೇಂಬ್ರಿಜ್‌ನಲ್ಲಿ ಇತಿಹಾಸ, ಸಾಹಿತ್ಯ ಓದಿದರು. ಅಲ್ಲಿನ ವಿದ್ಯಾರ್ಥಿ ಪತ್ರಿಕೆ 'ವಾರ್ಸಿಟಿ'ಯ ಸಂಪಾದಕಿಯಾದರು. ಲಂಡನ್ನಿನ ಪತ್ರಿಕೆಗಳಲ್ಲಿ ದುಡಿದರು. 1988ರಲ್ಲಿ, ಪ್ಯಾರಿಸ್ಸಿನಿಂದ ಹೊರಡುತ್ತಿದ್ದ ಇಂಗ್ಲಿಷ್ ಪತ್ರಿಕೆ 'ಇಂಟರ್‌ನ್ಯಾಷನಲ್ ಹೆರಾಲ್ಡ್ ಟ್ರಿಬ್ಯೂನ್' ಸೇರಿದರು. ಕಾಲು ಶತಮಾನ ಅಲ್ಲೇ ಇದ್ದರು. 2014ರಲ್ಲಿ 'ವೋಗ್'ಗೆ ಹೋದರು.

ಅವರ ಕೆಲಸ ನೋಡಿ. ಒಂದು ಪ್ರದರ್ಶನ ಹತ್ತು ಹದಿನೈದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಮುಂದಿನದ್ದು ಊರಿನ ಇನ್ನೊಂದು ತುದಿಯಲ್ಲಿ. ವರದಿ ಮಾತ್ರ ಅವತ್ತೇ ಹೋಗಬೇಕು. ಆ ಹತ್ತು ನಿಮಿಷದಲ್ಲಿ ತೋಳು ಹೇಗೆ ಕೂತಿದೆ, ಬಟ್ಟೆಯನ್ನು ನೇರ ಎಳೆಯ ಮೇಲೆ ಕತ್ತರಿಸಿದ್ದಾರಾ ಓರೆಯಾಗಿ ಕತ್ತರಿಸಿದ್ದಾರಾ ಅಂತ ಕಣ್ಣಿಗೆ ಗೊತ್ತಾಗಬೇಕು. ನಮ್ಮ ಟೈಲರ್‌ಗಳು ಕ್ರಾಸ್ ಅಂತಾರಲ್ಲ, ಅದೇ. ಬ್ಲೌಸ್ ಹೊಲಿಯುವ ಅಕ್ಕನಿಗೆ ಕೇಳಿ, ಕ್ರಾಸ್ ಹಾಕಿದರೆ ಬಟ್ಟೆ ಮೈಗೆ ಯಾಕೆ ಒಗ್ಗುತ್ತದೆ ಅಂತ ಎರಡೇ ನಿಮಿಷದಲ್ಲಿ ತೋರಿಸುತ್ತಾರೆ. ಅವರ ಮಷೀನಿನ ಪಕ್ಕ ಒಂದು ತಿಂಗಳು ಕೂರಿ. ಈ ಕ್ಲಾಸುಗಳಲ್ಲಿ ಸಿಗದ ಪಾಠ ಅಲ್ಲಿ ಸಿಗುತ್ತದೆ. ಮೇಷ್ಟ್ರು ಕ್ಷಮಿಸಬೇಕು!

ಮತ್ತೆ ದುಡ್ಡಿನ ಮಾತು. ಈ ಲೋಕದಲ್ಲಿ ಉಡುಗೊರೆಗೆ ಕೊನೆಯಿಲ್ಲ. ಚೀಲ ಕಳಿಸುತ್ತಾರೆ, ಶೂ ಕಳಿಸುತ್ತಾರೆ, ವಿಮಾನದ ಟಿಕೆಟ್ ಕಳಿಸುತ್ತಾರೆ. ಹೂವು ಮತ್ತು ಚಾಕಲೇಟು ಬಿಟ್ಟು ಬೇರೇನನ್ನೂ ಇಟ್ಟುಕೊಳ್ಳಬಾರದು ಅನ್ನುವುದು ಮೆಂಕೆಸ್ ಅವರ ಕಟ್ಟುಪಾಡು. 2013ರಲ್ಲಿ ಅವರು ಒಂದು ಖಡಕ್ ಲೇಖನ ಬರೆದರು. ಪ್ರದರ್ಶನದ ಬಾಗಿಲಲ್ಲಿ ಪೋಸು ಕೊಡುವವರನ್ನೂ, ಉಡುಗೊರೆ ತಗೊಂಡು ಬರೆಯುವವರನ್ನೂ ಅದರಲ್ಲಿ ಬಿಡಲಿಲ್ಲ. ಬಹಳ ಮಂದಿ ಅವರ ಮೇಲೆ ಮುನಿಸಿಕೊಂಡರು. ನ್ಯೂಯಾರ್ಕಿನ ಛಾಯಾಗ್ರಾಹಕ ಬಿಲ್ ಕನಿಂಗ್‌ಹ್ಯಾಮ್ ಇನ್ನೂ ಒಂದು ಹೆಜ್ಜೆ ಮುಂದೆ. ಪಾರ್ಟಿಯ ಫೋಟೊ ತೆಗೆಯಲು ಹೋದಲ್ಲಿ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ.

ಹೀಗಿದ್ದರೆ ಬೆಲೆಯೂ ತೆರಬೇಕಾಗುತ್ತದೆ. 'ನ್ಯೂಯಾರ್ಕ್ ಟೈಮ್ಸ್'ನ ಕ್ಯಾಥಿ ಹೋರಿನ್ ಅವರ ವಿಮರ್ಶೆ ಹಿಡಿಸದೆ ಅರ್ಮಾನಿ ಸಂಸ್ಥೆ ಅವರಿಗೆ ಆಹ್ವಾನವನ್ನೇ ನಿಲ್ಲಿಸಿತು. ಬಾಗಿಲು ಮುಚ್ಚಿದರೆ ವಿದೇಶಿ ವರದಿಗಾರರ ಪಾಡು ಕಷ್ಟ. ಟಿಕೆಟ್ ಹಾಕಿಕೊಂಡು ಅಷ್ಟು ದೂರ ಹೋಗಿ ರಸ್ತೆಯಲ್ಲಿ ನಿಲ್ಲಬೇಕು. ಅದಕ್ಕೇ ಕೇಳುವುದು, ಆ ಟಿಕೆಟ್ಟಿನ ದುಡ್ಡು ಯಾರದ್ದು? ನಿಮ್ಮ ಪತ್ರಿಕೆಯದ್ದಾದರೆ ಏನನ್ನಾದರೂ ಬರೆಯಬಹುದು. ಕಂಪನಿಯದ್ದಾದರೆ ಪೆನ್ನು ಅಲ್ಲೇ ಅರ್ಧ ಬಾಗಿದಂತೆ.

ಇನ್ನು ನಮ್ಮ ವಿಷಯ. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದ ಗಂಡಸರ ಉಡುಪಿನ ಪ್ರದರ್ಶನ. ಮಾಡೆಲ್‌ಗಳ ಕಾಲಲ್ಲಿ ಇದ್ದಿದ್ದು ಕೊಲ್ಹಾಪುರಿ ಚಪ್ಪಲಿಯ ಪಡಿಯಚ್ಚು. ಪ್ರದರ್ಶನದ ಟಿಪ್ಪಣಿಯಲ್ಲಿ ಮಾತ್ರ ಬರೀ 'ಲೆದರ್ ಸ್ಯಾಂಡಲ್'. ಎಲ್ಲಿಂದ ಬಂತು, ಯಾರು ಮಾಡುತ್ತಾರೆ, ಒಂದು ಮಾತಿಲ್ಲ. ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಇದು ಇಂಥ ಪ್ರದೇಶದ್ದೇ ಅನ್ನುವ ಕಾನೂನಿನ ಗುರುತು, ಸಿಕ್ಕಿದೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ನಾಲ್ಕು ಜಿಲ್ಲೆ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಅಥಣಿ, ನಿಪ್ಪಾಣಿ ಕಡೆಯವರು ಇಲ್ಲಿದ್ದರೆ ಅವರಿಗೆ ನಾನು ಹೇಳಬೇಕಾಗಿಲ್ಲ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದ ಮಾಡುವುದು, ಚರ್ಮದ ದಾರದಿಂದಲೇ ಅಟ್ಟೆ ಹೊಲಿಯುವುದು, ಜಡೆಯಂತೆ ಪಟ್ಟಿ ಹೆಣೆಯುವುದು. ಇದನ್ನು ಕಂಡವರು ಮುಂದಿನ ಸಾಲಿನಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದರೆ ಅವತ್ತಿನ ವರದಿಯ ಮೊದಲ ಸಾಲೇ ಬೇರೆ ಇರುತ್ತಿತ್ತು. ಆಮೇಲೆ ಇಲ್ಲಿ ಗದ್ದಲ ಎದ್ದಿತು, ಕಂಪನಿ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಎರಡು ಸರ್ಕಾರಿ ಚರ್ಮೋದ್ಯಮ ನಿಗಮಗಳ ಜೊತೆ, ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಜೊತೆ, ಒಪ್ಪಂದವೂ ಆಯಿತು. ಸರಿ. ಆದರೆ ಅಟ್ಟೆ ಹೊಲಿದ ಕೈಗೆ ಅದರಲ್ಲಿ ಎಷ್ಟು ಸೇರುತ್ತದೆ? ಇದು ನಿಮ್ಮಲ್ಲಿ ಯಾರಾದರೂ ಅಥಣಿಗೂ ಮಿಲಾನ್‌ಗೂ ಹೋಗಿ ಬರೆಯಬೇಕಾದ ವರದಿ.

ಚೀಟಿ ಬಂತು, ಐದೇ ನಿಮಿಷ ಅಂತೆ. ಎರಡು ವಿಷಯ ಬೇಗ ಹೇಳುತ್ತೇನೆ.

ಮೊದಲನೆಯದು ಗಾರ್ಮೆಂಟ್ಸ್. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರು ಹೊಲಿಯುತ್ತಿದ್ದುದು ಯುರೋಪಿನ ಅಂಗಡಿಗಳಿಗೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯುವುದಕ್ಕೆ ಮಿತಿ ಹಾಕಿದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು, ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಇದೂ ಫ್ಯಾಷನ್ ಸುದ್ದಿಯೇ. ಎರಡೂ ತುದಿ ಗೊತ್ತಿರುವ ವರದಿಗಾರರು ನಮ್ಮಲ್ಲಿ ಬೇಕು.

ಎರಡನೆಯದು, ಹೋಗುವುದು ಹೇಗೆ ಅಂತ. ಸಿದ್ಧ ಉಡುಪಿನ ಪ್ರದರ್ಶನಗಳು ವರ್ಷಕ್ಕೆ ಎರಡು ಸಲ. ಫೆಬ್ರುವರಿ-ಮಾರ್ಚ್, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್. ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್, ಈ ಸಾಲಿನಲ್ಲಿ. ಪ್ಯಾರಿಸ್ಸಿನ ಕುಟೂರ್, ಅಂದರೆ ಗಿರಾಕಿಯ ಅಳತೆಗೆ ಕೈಯಲ್ಲಿ ಹೊಲಿಯುವ ದುಬಾರಿ ಉಡುಪಿನ ಪ್ರದರ್ಶನ, ಜನವರಿ ಮತ್ತು ಜುಲೈಯಲ್ಲಿ. ಮಾನ್ಯತೆ ಪತ್ರ ಬೇರೆ, ಒಂದೊಂದು ಸಂಸ್ಥೆಯ ಆಹ್ವಾನ ಬೇರೆ, ಇದು ನೆನಪಿರಲಿ. ಮೊದಲು ಕುರ್ಚಿ ಸಿಗುವುದಿಲ್ಲ, ಹಿಂದೆ ನಿಲ್ಲಬೇಕು. ನಿಲ್ಲಿ. ಫ್ಯಾಷನ್ ವಿಮರ್ಶೆಗೆ ಪುಲಿಟ್ಜರ್ ಪ್ರಶಸ್ತಿ ಬರುವುದಿಲ್ಲ ಅಂತಲೂ ಅಂದುಕೊಳ್ಳಬೇಡಿ. 2006ರಲ್ಲಿ 'ವಾಷಿಂಗ್ಟನ್ ಪೋಸ್ಟ್'ನ ರಾಬಿನ್ ಗಿವಾನ್ ಅವರಿಗೆ ಅದು ಬಂದಿದ್ದು ಫ್ಯಾಷನ್ ಬರಹಕ್ಕೇ.

ಭಾಷೆಯ ಬಗ್ಗೆ, ಫೋಟೊ ಹಕ್ಕಿನ ಬಗ್ಗೆ ಹೇಳಬೇಕು ಅಂತಿದ್ದೆ. ಈಗ ಆಗುವುದಿಲ್ಲ. ಪ್ರಶ್ನೆಗಳಿದ್ದರೆ ಕೇಳಿ, ಹಿಂದೆ ನಕ್ಕವರೇ ಮೊದಲು ಕೇಳಲಿ.