ಪುಟ್ಟ ಹಸಿರು ಡ್ರ್ಯಾಗನ್ ಕಷಾಯ

ಕೇಳುಗರೇ, ನಮಸ್ಕಾರ.

ಉಬ್ಬಸದವರ ಮನೆಯಲ್ಲಿ ರಾತ್ರಿ ಎರಡು ಗಂಟೆ ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಎದೆಯಲ್ಲಿ ಸುಯ್ ಸುಯ್ ಸದ್ದು. ಮಲಗಿದರೆ ಉಸಿರಿಲ್ಲ, ಕೂತರೆ ನಿದ್ದೆಯಿಲ್ಲ. ಇಂಥವರಿಗೆ ಜಪಾನಿನಲ್ಲಿ ಕೆಲವು ವೈದ್ಯರು ಇನ್‌ಹೇಲರ್ ಜೊತೆಗೆ ಪುಡಿಯ ಪೊಟ್ಟಣವನ್ನೂ ಬರೆದುಕೊಡುತ್ತಾರೆ. ಅದರ ಹೆಸರು ಶೋಸೇರ್ಯೂತೋ. ಅಂದರೆ ಪುಟ್ಟ ಹಸಿರು ಡ್ರ್ಯಾಗನ್ ಕಷಾಯ! ಮಕ್ಕಳ ಕಥೆಯ ಹೆಸರಿನ ಹಾಗಿದೆ, ಅಲ್ವಾ?

ಇದು ಕಾಂಪೋ ಎಂಬ ಜಪಾನಿನ ಸಾಂಪ್ರದಾಯಿಕ ವೈದ್ಯಪದ್ಧತಿಯ ಮದ್ದು. ಹುಟ್ಟಿದ್ದು ಚೀನಾದಲ್ಲಿ, ಸುಮಾರು 1800 ವರ್ಷಗಳ ಹಿಂದೆ. ಜಪಾನಿನವರು ಅದನ್ನು ತಮ್ಮದೇ ರೀತಿಯಲ್ಲಿ ಬೆಳೆಸಿದರು. 1967ರಿಂದ ಕಾಂಪೋ ಪುಡಿಗಳು ಅಲ್ಲಿನ ಆರೋಗ್ಯ ವಿಮೆಯೊಳಗೂ ಬಂದಿವೆ.

ಈ ಪೊಟ್ಟಣದಲ್ಲಿ ಎಂಟು ಪದಾರ್ಥ. ಶುಂಠಿ, ಚಕ್ಕೆಯ ಜಾತಿಯ ತೊಗಟೆ, ಜ್ಯೇಷ್ಠಮಧು ನಮಗೂ ಪರಿಚಯದವೇ. ಆದರೆ ಯಜಮಾನಿಕೆ ಎಫೆಡ್ರಾ ಗಿಡದ್ದು. ಎಲೆಯೇ ಕಾಣದ, ಪೊರಕೆ ಕಡ್ಡಿಯಂಥ ಗಿಡ ಅದು. 1885ರಲ್ಲಿ ನಾಗಾಯ್ ನಾಗಾಯೋಶಿ ಎಂಬ ಜಪಾನಿ ರಸಾಯನ ವಿಜ್ಞಾನಿ ಅದರಿಂದ ಎಫೆಡ್ರಿನ್ ಬೇರ್ಪಡಿಸಿದರು. ಬಿಗಿದ ಶ್ವಾಸನಾಳವನ್ನು ಸಡಿಲಿಸುವುದು ಇದೇ. ಎದೆಬಡಿತ, ರಕ್ತದೊತ್ತಡ ಏರಿಸುವುದೂ ಇದೇ. ಗಿಡಮೂಲಿಕೆ ತಾನೇ, ಏನೂ ಆಗಲ್ಲ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಈಗ ಸ್ವಲ್ಪ ಒಳಗಿನ ಕಥೆ. ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ ಟಿ ಕೋಶಗಳು ಕಾವಲುಗಾರರಿದ್ದಂತೆ. ಅಲರ್ಜಿಯ ಉಬ್ಬಸದಲ್ಲಿ ಅವುಗಳ ಒಂದು ಪಂಗಡ, ಟಿಎಚ್2, ಬರೀ ಧೂಳು ಕಂಡರೂ ಕಳ್ಳ ಬಂದ ಅಂತ ಕೂಗುತ್ತದೆ. ಇಂಟರ್‌ಲ್ಯೂಕಿನ್ 4, 5, 13 ಎಂಬ ಸಂದೇಶಗಳು ಹೊರಡುತ್ತವೆ. ಐಜಿಇ ಪ್ರತಿಕಾಯ ಹೆಚ್ಚುತ್ತದೆ, ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ಅಲರ್ಜಿಯ ರಾಸಾಯನಿಕ ಚೆಲ್ಲುತ್ತವೆ, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಶ್ವಾಸನಾಳಕ್ಕೆ ದಂಡೆತ್ತಿ ಬರುತ್ತವೆ. ನಾಳ ಊದುತ್ತದೆ, ಕಫ ಕಟ್ಟುತ್ತದೆ.

ಅಲರ್ಜಿ ಬರಿಸಿದ ಇಲಿಗಳಿಗೆ ಈ ಕಷಾಯ ಕೊಟ್ಟಾಗ ಇಯೊಸಿನೊಫಿಲ್‌ಗಳ ದಂಡು ಕಡಿಮೆಯಾಗಿದ್ದು ಕಂಡಿದೆ. ಅಂದರೆ ಬರೀ ನಾಳ ಸಡಿಲಿಸುವುದಲ್ಲ, ಆ ಕೂಗಾಟವನ್ನೂ ತಗ್ಗಿಸಬಹುದು. ಆದರೆ ಇಲಿ ಇಲಿಯೇ. ಮನುಷ್ಯರ ಉಬ್ಬಸಕ್ಕೆ ಇನ್‌ಹೇಲರಿನ ಸ್ಟೀರಾಯ್ಡಿಗೆ ಇರುವಷ್ಟು ಗಟ್ಟಿ ಪುರಾವೆ ಇದಕ್ಕಿಲ್ಲ. ಅದನ್ನು ಬಿಟ್ಟು ಸುಮ್ನೆ ಇದನ್ನು ಹಿಡಿಯುವಂತಿಲ್ಲ.

ಇನ್ನು ಜ್ಯೇಷ್ಠಮಧು. ಗಂಟಲು ಕೆರೆದಾಗ ನಾವು ಬಾಯಲ್ಲಿಟ್ಟು ಚೀಪುವ ಕಡ್ಡಿ. ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನಿನ ಶಕ್ತಿ ಕುಂದಿಸುವ ಕಿಣ್ವವನ್ನು ಇದು ತಡೆಯುತ್ತದೆ, ಆಗ ಅಲ್ಲಿ ಕಾರ್ಟಿಸಾಲ್ ಜೋರು ಹೆಚ್ಚುತ್ತದೆ. ಜಾಸ್ತಿ ದಿನ, ಜಾಸ್ತಿ ಪ್ರಮಾಣ ತಗೊಂಡರೆ ಪೊಟ್ಯಾಸಿಯಂ ಇಳಿಯುತ್ತದೆ, ಕಾಲು ಸೋಲುತ್ತದೆ, ರಕ್ತದೊತ್ತಡ ಏರುತ್ತದೆ. ಬಹಳಷ್ಟು ಕಾಂಪೋ ಪುಡಿಗಳಲ್ಲಿ ಈ ಕಡ್ಡಿ ಇದ್ದೇ ಇರುತ್ತದೆ. ಹಾಗಾಗಿ ಎರಡು ಪೊಟ್ಟಣ ಒಟ್ಟಿಗೆ ಬರೆಯುವಾಗ ತಿಳಿದ ವೈದ್ಯರು ಮೊದಲು ಕೂಡಿಸುವುದು ಜ್ಯೇಷ್ಠಮಧುವಿನ ಗ್ರಾಮುಗಳನ್ನು.

ನಮಸ್ಕಾರ.