ನೂರು ಸಲ ಕೇಳಿದ ಮೇಲೆ ಎಷ್ಟು ಮಾರ್ಕ್ಸ್?

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಇಷ್ಟು ಜನ ಬಂದಿದ್ದೀರಿ. ನನಗಂತೂ ತುಂಬಾ ಖುಷಿಯಾಗಿದೆ.

ನಾವು ಏಳು ಜನ ಗೆಳೆಯರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಒಬ್ಬೊಬ್ಬರೂ ತಮಗಿಷ್ಟವಾದ ಒಂದು ವಿಡಿಯೋ ಗೇಮ್ ಮ್ಯೂಸಿಕ್ ತರಬೇಕು. ಉಳಿದವರು ಕೇಳಿ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕಬೇಕು. ಶುರುವಿನಲ್ಲಿ ಇದ್ದ ನಿಯಮ ಇಷ್ಟೇ.

ಮೂರನೇ ತಿಂಗಳು ನಾನು ಒಂದು ಟ್ರ್ಯಾಕ್ ತಂದೆ. 1994ರ ಡಾಂಕಿ ಕಾಂಗ್ ಕಂಟ್ರಿ ಅನ್ನೋ ಆಟದಲ್ಲಿ ನೀರಿನೊಳಗಿನ ಹಂತಕ್ಕೆ ಬರುವ ಸಂಗೀತ ಅದು. ಹೆಸರು ಆಕ್ವಾಟಿಕ್ ಆಂಬಿಯನ್ಸ್, ಮಾಡಿದವರು ಇಂಗ್ಲೆಂಡಿನ ಡೇವಿಡ್ ವೈಸ್. ನನ್ನ ಪ್ರಾಣದಂಥ ಟ್ರ್ಯಾಕ್. ಕಣ್ಣು ಮುಚ್ಚಿಕೊಂಡು ಕೇಳಿಸಿದೆ. ಮುಗಿದ ಮೇಲೆ ಚೀಟಿ ಬಿಚ್ಚಿದರೆ ಐದು, ಆರು, ಐದು, ಒಂದು ನಾಲ್ಕು. "ಚೆನ್ನಾಗಿದೆ, ಆದ್ರೆ ಮಸಾಜ್ ಪಾರ್ಲರ್‌ನಲ್ಲಿ ಹಾಕ್ತಾರಲ್ಲ, ಆ ಥರ ಇದೆ" ಅಂದ ಒಬ್ಬ. ನನಗೆ ನಿಜವಾಗಿ ಬೇಜಾರಾಯಿತು. ಮನೆಗೆ ಹೋಗಿ ರಾತ್ರಿಯೆಲ್ಲ ಯೋಚಿಸಿದೆ. ತಪ್ಪು ಅವರದಲ್ಲ. ನಾನು ಸಂಗೀತ ಕೊಟ್ಟಿದ್ದೆ, ಅದು ಇರುವ ಜಾಗ ಕೊಟ್ಟಿರಲಿಲ್ಲ.

ಮುಂದಿನ ತಿಂಗಳು ಅದೇ ಗೆಳೆಯನ ಕೈಗೆ ಕಂಟ್ರೋಲರ್ ಕೊಟ್ಟೆ. ಆ ಆಟದಲ್ಲಿ ನೆಲದ ಮೇಲೆ ನೀವು ಕೋತಿಯಾಗಿ ಓಡುತ್ತೀರಿ, ಉರುಳುತ್ತೀರಿ, ಎದುರು ಬಂದವರ ತಲೆ ಮೇಲೆ ಹಾರುತ್ತೀರಿ. ನೀರಿಗಿಳಿದ ಕೂಡಲೇ ಅದೆಲ್ಲ ಬಂದ್. ಬರಿಗೈಯಲ್ಲಿ ಯಾರನ್ನೂ ಹೊಡೆಯುವ ಹಾಗಿಲ್ಲ. ಮೀನುಗಳು ಬರುತ್ತವೆ, ಸುಮ್ನೆ ತಪ್ಪಿಸಿಕೊಂಡು ಮೆಲ್ಲಗೆ ಈಜಬೇಕು. ಅಷ್ಟು ಹೊತ್ತು ಒತ್ತಿ ಒತ್ತಿ ಬಿಗಿಯಾಗಿದ್ದ ಹೆಬ್ಬೆರಳು ಸಡಿಲವಾಗುತ್ತದೆ. ಆಗ ಈ ಸಂಗೀತ ಬರುತ್ತದೆ. ಇಪ್ಪತ್ತು ನಿಮಿಷ ಆಡಿದ. ಏಳೆಂಟು ಸಲ ಸತ್ತ. ಆಮೇಲೆ ಕಂಟ್ರೋಲರ್ ಕೆಳಗಿಟ್ಟು, ಯಾರೂ ಕೇಳದಿದ್ದರೂ, ತನ್ನ ಹಳೇ ಚೀಟಿಯಲ್ಲಿದ್ದ ನಾಲ್ಕನ್ನು ಹೊಡೆದು ಹಾಕಿ ಒಂಬತ್ತು ಬರೆದ.

ಅವತ್ತಿನಿಂದ ನಮ್ಮಲ್ಲಿ ಪ್ರತಿ ಟ್ರ್ಯಾಕಿಗೂ ಎರಡು ಕಾಲಂ. ಮೊದಲನೆಯದು ಬರೀ ಕೇಳಿದಾಗಿನ ಮಾರ್ಕ್ಸ್. ಎರಡನೆಯದು ಆಡಿದ ಮೇಲಿನ ಮಾರ್ಕ್ಸ್. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಈ ಎರಡು ಕಾಲಂಗಳ ನಡುವಿನ ವ್ಯತ್ಯಾಸದ ಬಗ್ಗೆ.

ಸಿನಿಮಾ ಹಾಡನ್ನು ನಾವು ಬೇಕೆಂದಾಗ ಹಾಕುತ್ತೇವೆ. ಗೇಮ್ ಸಂಗೀತ ಹಾಗಲ್ಲ. ಒಂದು ಹಂತ ದಾಟಲು ನಿಮಗೆ ನಲವತ್ತು ಪ್ರಯತ್ನ ಬೇಕಾದರೆ ಆ ಟ್ಯೂನ್ ನಲವತ್ತು ಸಲ ಮೊದಲಿನಿಂದ ಶುರುವಾಗುತ್ತದೆ. ಸೋತು ಸಿಟ್ಟು ಬಂದಾಗಲೂ ಅದೇ, ಗೆಲ್ಲುವ ಹೊತ್ತಿಗೂ ಅದೇ. ಆದ್ದರಿಂದ ನನ್ನ ಮೊದಲ ಪ್ರಶ್ನೆ: ನೂರನೇ ಸಲ ಕೇಳಿದಾಗ ಇದು ತಲೆ ತಿನ್ನುತ್ತದಾ, ಇಲ್ಲಾ ಜೊತೆಗಿರುತ್ತದಾ?

ಇದಕ್ಕೆ ಸೂಪರ್ ಮಾರಿಯೋಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1985ರ ಆಟ, ಸಂಗೀತ ಕೋಜಿ ಕೊಂಡೊ ಅವರದು. ಇಲ್ಲಿ ಕೂತವರಲ್ಲಿ ಬಹಳ ಜನ ಅದನ್ನು ಕೇಳಿದ್ದು ಬೇಸಿಗೆ ರಜೆಯಲ್ಲಿ, ಟಿವಿಗೆ ಹಚ್ಚುವ ಗೇಮ್‌ನಲ್ಲಿ, ಊದಿ ಊದಿ ಹಾಕುತ್ತಿದ್ದ ಆ ಹಳದಿ ಕ್ಯಾಸೆಟ್ಟಿನಲ್ಲಿ, ಅಲ್ವಾ? ನಾವು ಐದು ಹುಡುಗರು, ಒಂದೇ ಸೆಟ್. ಮೂರು ಲೈಫ್ ಮುಗಿದರೆ ಮುಂದಿನವನ ಸರದಿ. ಅಂದರೆ ಆಡಿದ್ದಕ್ಕಿಂತ ಕಾದಿದ್ದೇ ಜಾಸ್ತಿ. ಆ ಟ್ಯೂನ್ ನನಗೆ ಬಾಯಿಪಾಠ ಆಗಿದ್ದು ಕಾಯುತ್ತಾ ಕೂತಾಗ, ಬೇರೆಯವರ ಬೆನ್ನು ನೋಡುತ್ತಾ.

ಆ ಯಂತ್ರದಲ್ಲಿ ಒಟ್ಟು ಐದು ದನಿಗಳು. ರಾಗಕ್ಕೆ ಎರಡು, ಕೆಳಗಿನ ಶ್ರುತಿಗೆ ಒಂದು, ಚರ್ ಚರ್ ಅನ್ನುವ ತಾಳದ ಸದ್ದಿಗೆ ಒಂದು. ಐದನೆಯದು ರೆಕಾರ್ಡ್ ಮಾಡಿದ ಪುಟ್ಟ ಸದ್ದುಗಳಿಗೆ. ಸಂಗೀತಕ್ಕೂ ಆಟದ ಸದ್ದುಗಳಿಗೂ ಇವೇ ಗತಿ. ಹಾಗಾಗಿ ಮಾರಿಯೋ ಜಿಗಿದಾಗ ಆಗುವುದನ್ನು ಸ್ವಲ್ಪ ಗಮನಿಸಿ. "ಬೊಯಿಂಗ್" ಅನ್ನುವ ಸದ್ದು ಮಾಡಲು ರಾಗದ ಎರಡು ದನಿಗಳಲ್ಲಿ ಒಂದು ಸಂಗೀತವನ್ನು ಬಿಟ್ಟು ಹೋಗುತ್ತದೆ. ಜಿಗಿತ ಮುಗಿದ ಮೇಲೆ ವಾಪಸ್ ಬಂದು ಸೇರಿಕೊಳ್ಳುತ್ತದೆ. ನಾಣ್ಯ ಸಿಕ್ಕಿದಾಗ ಇನ್ನೊಂದು ದನಿ ಹೋಗುತ್ತದೆ. ನಾವು ಹುಡುಗರಾಗಿದ್ದಾಗ ಇದು ಒಂದು ಸಲವೂ ಕಿವಿಗೆ ಬಿದ್ದಿರಲಿಲ್ಲ. ಯಾಕಂದರೆ ಹೋದ ಸ್ವರದ ಜಾಗದಲ್ಲಿ ನಮ್ಮ ಜಿಗಿತವೇ ಕೂತಿರುತ್ತಿತ್ತು. ಪಕ್ಕವಾದ್ಯದವರು ನಾವೇ. ಐದು ಹುಡುಗರು ಆಡಿದರೆ ಒಂದೇ ಟ್ಯೂನ್ ಐದು ಥರ ಕೇಳುತ್ತದೆ. ನೂರು ಸಲ ಕೇಳಿದರೂ ಬೇಜಾರಾಗದಿರಲು ಇದೂ ಒಂದು ಕಾರಣ ಅಂತ ನಾನು ನಂಬಿದ್ದೇನೆ.

ಇನ್ನೊಂದು ಕಾರಣ ಕೊನೆ ಮತ್ತು ಮೊದಲು ಸೇರುವ ಜಾಗ. ಕಛೇರಿಯಲ್ಲಿ ಎಲ್ಲೆಲ್ಲೋ ಸುತ್ತಾಡಿ ಪಲ್ಲವಿಗೆ ಬಂದು ಸೇರುವಾಗ ಮನಸ್ಸಿಗೆ ಒಂದು ಹಿತ ಆಗುತ್ತದಲ್ಲ, ಒಳ್ಳೆಯ ಗೇಮ್ ಟ್ಯೂನ್ ಪ್ರತಿ ಸುತ್ತಿನಲ್ಲೂ ಅದನ್ನು ಕೊಡುತ್ತದೆ. ಸಾಧಾರಣ ಟ್ಯೂನ್‌ನಲ್ಲಿ ಆ ಜಾಗದಲ್ಲಿ ಹೊಲಿಗೆ ಕಾಣುತ್ತದೆ. ನಮ್ಮಲ್ಲಿ ಒಬ್ಬಳು ಬರೀ ಈ ಹೊಲಿಗೆ ನೋಡಿಯೇ ಮಾರ್ಕ್ಸ್ ಹಾಕುತ್ತಾಳೆ. ಅವಳ ಲೆಕ್ಕ ತಪ್ಪಿದ್ದನ್ನು ನಾನು ನೋಡಿಲ್ಲ.

2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಪಾಡಿಕೊಳ್ಳಬೇಕಾದ ಧ್ವನಿಮುದ್ರಣಗಳ ತನ್ನ ರಾಷ್ಟ್ರೀಯ ಪಟ್ಟಿಗೆ ಈ ಮಾರಿಯೋ ಟ್ಯೂನನ್ನು ಸೇರಿಸಿತು. ವಿಡಿಯೋ ಗೇಮ್ ಸಂಗೀತವೊಂದು ಆ ಪಟ್ಟಿಗೆ ಬಂದಿದ್ದು ಅದೇ ಮೊದಲು. ಸುದ್ದಿ ಓದಿ ನಾನು ಆ ಹಳೇ ಗೆಳೆಯರಿಗೆಲ್ಲ ಫೋನ್ ಮಾಡಿದೆ.

ಎರಡನೇ ಕಾಲಂನಲ್ಲಿ ಬಿದ್ದು ಹೋಗುವ ಟ್ರ್ಯಾಕ್‌ಗಳೂ ಇವೆ. ದೊಡ್ಡ ಆರ್ಕೆಸ್ಟ್ರಾ, ನಗಾರಿ, ಕೋರಸ್ ಎಲ್ಲ ಇರುವ ಒಂದು ಯುದ್ಧದ ಟ್ರ್ಯಾಕಿಗೆ ಮೊದಲ ಕಾಲಂನಲ್ಲಿ ಎಲ್ಲರೂ ಎಂಟರ ಮೇಲೆ ಕೊಟ್ಟಿದ್ದರು. ಆಡಲು ಕೂತಾಗ ಆರನೇ ಸಲ ಸೋಲುವ ಹೊತ್ತಿಗೆ "ಸೌಂಡ್ ಕಮ್ಮಿ ಮಾಡೋ" ಅಂತ ಅಂದವಳು ಒಂಬತ್ತು ಕೊಟ್ಟವಳೇ. ಅದು ಮೊದಲಿನಿಂದಲೇ ಕೂಗುತ್ತದೆ. ಮುಂದೆ ಹೋಗಲು ಅದಕ್ಕೆ ಜಾಗವೇ ಇಲ್ಲ. ಇದಕ್ಕೆ ಉಲ್ಟಾ, 1978ರ ಸ್ಪೇಸ್ ಇನ್ವೇಡರ್ಸ್ ಆಟ ನೋಡಿ. ಕೆಳಗಿಳಿಯುವ ನಾಲ್ಕೇ ಸ್ವರ. ಶತ್ರುಗಳು ಕಡಿಮೆಯಾದಷ್ಟೂ ಅವರ ಓಟ ಜೋರು, ಆ ನಾಲ್ಕು ಸ್ವರಗಳ ಓಟವೂ ಜೋರು. ಬರೀ ಕೇಳಿದರೆ ಅದಕ್ಕೆ ಎರಡು ಮಾರ್ಕ್ಸೂ ಸಿಗಲ್ಲ. ಆಡುವಾಗ ಎದೆ ಬಡಿತ ಅದರ ಜೊತೆಗೇ ಏರುತ್ತದೆ.

ಹಾಗಾದರೆ ಬರೀ ಕೇಳಿದಾಗಿನ ಮಾರ್ಕ್ಸಿಗೆ ಬೆಲೆ ಇಲ್ಲವಾ? ಇದೆ. 2005ರ ಸಿವಿಲೈಸೇಷನ್ ಫೋರ್ ಆಟಕ್ಕೆ ಕ್ರಿಸ್ಟೋಫರ್ ಟಿನ್ ಮಾಡಿದ ಬಾಬಾ ಯೇತು ಅನ್ನುವ ಸ್ವಾಹಿಲಿ ಹಾಡಿದೆ. ಆಟ ಶುರುವಾಗುವ ಮೊದಲು, ಮೆನು ಪರದೆಯಲ್ಲೇ ಬರುತ್ತದೆ. 2011ರಲ್ಲಿ ಗ್ರ್ಯಾಮಿ ಪಡೆಯಿತು. ಗೇಮ್‌ಗಾಗಿ ಹುಟ್ಟಿದ ಸಂಗೀತಕ್ಕೆ ಸಿಕ್ಕ ಮೊದಲ ಗ್ರ್ಯಾಮಿ ಅದು. ಆಟದ ಗಂಧಗಾಳಿ ಇಲ್ಲದ ನನ್ನ ಅಮ್ಮ ಅದನ್ನು ಕೇಳಿ, ಅಡುಗೆಮನೆಯಿಂದ ಬಂದು ನಿಂತು, "ಇನ್ನೊಂದ್ಸಲ ಹಾಕು" ಅಂದಿದ್ದರು. ಬ್ರಿಟನ್ನಿನ ಕ್ಲಾಸಿಕ್ ಎಫ್‌ಎಂ ರೇಡಿಯೋ ಕೇಳುಗರ ಮತ ಪಡೆದು ಪ್ರತಿವರ್ಷ ಒಂದು ಪಟ್ಟಿ ಮಾಡುತ್ತದೆ. 2013ರಲ್ಲಿ ನೊಬುವೊ ಉಯೆಮತ್ಸು ಅವರ ಫೈನಲ್ ಫ್ಯಾಂಟಸಿ ಸಂಗೀತ ಅಲ್ಲಿ ಮೂರನೇ ಜಾಗಕ್ಕೆ ಬಂತು. ಗೇಮ್ ಅಭಿಮಾನಿಗಳು ಒಟ್ಟಾಗಿ ಮತ ಹಾಕಿದ್ದೂ ನಿಜ. ಅದರಲ್ಲಿ ತಪ್ಪೇನಿದೆ ಅಂತ ನನಗೆ ಅನ್ನಿಸುತ್ತದೆ. ಆ ಸಂಗೀತದ ಜೊತೆ ನೂರಾರು ಗಂಟೆ ಕಳೆದವರು ಅವರು.

ನನ್ನ ಅಳತೆಗೋಲನ್ನೇ ಅಲ್ಲಾಡಿಸಿದ ಒಂದು ಟ್ರ್ಯಾಕ್ ಬಗ್ಗೆ ಹೇಳಲೇಬೇಕು. ಗೆಳೆಯನ ಮಗಳು, ಹದಿನೇಳು ವರ್ಷ, ಒಂದು ದಿನ ಮೈನ್‌ಕ್ರಾಫ್ಟ್ ಆಟದ ಸ್ವೀಡನ್ ಅನ್ನುವ ಟ್ರ್ಯಾಕ್ ತಂದಳು. ಸಿ418 ಅನ್ನುವ ಹೆಸರಿನಲ್ಲಿ ಡೇನಿಯಲ್ ರೋಸನ್‌ಫೆಲ್ಡ್ ಮಾಡಿದ್ದು. ಪಿಯಾನೋದ ಕೆಲವೇ ಸ್ವರ. ನಾನು ನನ್ನ ಪದ್ಧತಿಯಂತೆ ಮತ್ತೆ ಮತ್ತೆ ಹಾಕಿ ಕೇಳಿ ಐದು ಕೊಟ್ಟೆ.

"ಅಂಕಲ್, ನೀವು ಕೇಳಿದ ರೀತಿನೇ ಸರಿ ಇಲ್ಲ" ಅಂದಳು. "ಅದು ಹೀಗೆ ಒಂದೇ ಸಮನೆ ಬರಲ್ಲ. ಎಷ್ಟೋ ಹೊತ್ತು ಏನೂ ಇರಲ್ಲ. ನಾನು ಮನೆ ಕಟ್ತಾ ಇರ್ತೀನಿ, ಕಲ್ಲು ಒಡೀತಾ ಇರ್ತೀನಿ. ಯಾವಾಗಲೋ ಅದಾಗಿಯೇ ಬರುತ್ತೆ."

ಅವಳು ಹೇಳಿದ್ದು ಸರಿ. ಇಲ್ಲಿ ಮೌನವೇ ಜಾಸ್ತಿ. ಯಾವ ಗೆಲುವಿಗೂ ಸೋಲಿಗೂ ಸಂಬಂಧವಿಲ್ಲದೆ, ಸಂಜೆ ಕಿಟಕಿಯಿಂದ ಗಾಳಿ ಬಂದ ಹಾಗೆ ಬಂದು ಹೋಗುತ್ತದೆ. ಒಂದು ವಾರ ಆಡಿದೆ. ಐದನೇ ದಿನ ಒಂದು ಮರದ ಸೇತುವೆ ಕಟ್ಟುತ್ತಿದ್ದಾಗ ಅದು ಬಂತು. ಕೈ ನಿಂತಿತು. ನನ್ನ ಐದು ಎಂಟಾಯಿತು. 2025ರಲ್ಲಿ ಈ ಟ್ರ್ಯಾಕ್ ಇರುವ ಆಲ್ಬಂ ಕೂಡ ಅದೇ ಲೈಬ್ರರಿ ಆಫ್ ಕಾಂಗ್ರೆಸ್ ಪಟ್ಟಿಗೆ ಸೇರಿತು. ಅವಳು ನನಗೆ ಮೆಸೇಜ್ ಕಳಿಸಿದಳು: "ಈಗ ಹತ್ತು ಕೊಡಿ."

ಅದಕ್ಕೇ ನಾವು ಈಗ ಒಬ್ಬರಿಗೊಬ್ಬರು ಬರೀ ಲಿಂಕ್ ಕಳಿಸುವುದಿಲ್ಲ. ಜೊತೆಗೆ ಮೂರು ಸಾಲು ಬರೆಯುತ್ತೇವೆ. ಆಟದಲ್ಲಿ ಇದು ಎಲ್ಲಿ ಬರುತ್ತದೆ, ಆಗ ಕೈ ಏನು ಮಾಡುತ್ತಿರುತ್ತದೆ, ಎಷ್ಟು ಸಲ ಸೋತೆ. ಕಥೆಯ ಗುಟ್ಟು ಮಾತ್ರ ಬಿಟ್ಟುಕೊಡುವ ಹಾಗಿಲ್ಲ.

ನಿಮ್ಮ ಕುರ್ಚಿಯ ಮೇಲೆ ಒಂದೊಂದು ಚೀಟಿ ಇಟ್ಟಿದ್ದೇವೆ, ಎರಡು ಕಾಲಂ ಇದೆ. ಹಿಂದೆ ಆ ಟೇಬಲ್ ಮೇಲೆ ನಾಲ್ಕು ಕಂಟ್ರೋಲರ್ ಇವೆ. ಈಗ ಹಾಕುವ ಟ್ರ್ಯಾಕ್ ಯಾವ ಆಟದ್ದು ಅಂತ ಹೇಳುವುದಿಲ್ಲ. ಗೊತ್ತಿದ್ದವರು ದಯವಿಟ್ಟು ಪಕ್ಕದವರಿಗೆ ಹೇಳಬೇಡಿ. ಮೊದಲ ಕಾಲಂ ತುಂಬಿ, ಆಮೇಲೆ ಟೇಬಲ್ ಹತ್ತಿರ ಬನ್ನಿ. ಫ್ಯಾನ್ ಸ್ವಲ್ಪ ಆಫ್ ಮಾಡ್ತೀರಾ? ಶುರುವಿನ ಸ್ವರ ತುಂಬಾ ಮೆಲ್ಲಗಿದೆ.