'ಆಯಿ ಬಂತು' ತಪ್ಪಲ್ಲ

ನಮಸ್ಕಾರ. ಮೂರನೇ ಕ್ಲಾಸಿನಲ್ಲಿ ನಾನು ಬರೆದಿದ್ದು ಇಷ್ಟೇ: 'ನಿನ್ನೆ ಆಯಿ ಶಿರಸಿ ಪೇಟೆಯಿಂದ ಬಂತು.' ಮಾಸ್ತರರು 'ಬಂತು' ಮೇಲೆ ಕೆಂಪು ಗೆರೆ ಎಳೆದರು. 'ತಾಯಿ ಏನು ದನವೇನೋ? ಬಂದಳು ಅಂತ ಬರಿ' ಅಂದರು. ಇಡೀ ಕ್ಲಾಸು ನಕ್ಕಿತು. ಆ ನಗು ಇವತ್ತಿಗೂ ಚುಚ್ಚುತ್ತದೆ.

ಯಾಕಂದ್ರೆ ಅದು ತಪ್ಪೇ ಅಲ್ಲ. ಹವಿಗನ್ನಡದಲ್ಲಿ, ಅಂದ್ರೆ ನಾವು ಹವ್ಯಕರು ಮನೆಯಲ್ಲಿ ಆಡುವ ಕನ್ನಡದಲ್ಲಿ, ಅಪ್ಪಯ್ಯ 'ಬಂದ', ಆಯಿ (ತಾಯಿ) 'ಬಂತು'. ಅದು ನಮ್ಮ ವ್ಯಾಕರಣ. ತೆಲುಗಿನವರನ್ನು ಕೇಳಿ: ಅಮ್ಮನೂ 'ವಚ್ಚಿಂದಿ' (ಬಂತು), ಹಸುವೂ 'ವಚ್ಚಿಂದಿ'. ಅವರಿಗೆ ಅಮ್ಮನ ಮೇಲೆ ಗೌರವ ಕಡಿಮೆಯೇ?

ಇನ್ನು 'ಮನೆಮಾತು ಶುದ್ಧ ಕನ್ನಡವಲ್ಲ' ಅನ್ನುವವರ ಮಾತು. ಹಳಗನ್ನಡದಲ್ಲಿ ಹಾಲು 'ಪಾಲ್', ಹುಲಿ 'ಪುಲಿ'. ಸಾವಿರ ವರ್ಷದ ಹಿಂದೆ ಯಾರೋ 'ಹಾಲು' ಅನ್ನಲು ಶುರು ಮಾಡಿದಾಗ ಎಷ್ಟು ಹಿರಿಯರು ಬೈದಿರಬಹುದು! ಇವತ್ತು ಅದೇ ಪುಸ್ತಕದ ಕನ್ನಡ. ಕಾರವಾರದಲ್ಲಿ ಆಲೂಗಡ್ಡೆಗೆ ಬಟಾಟೆ ಅಂತೀವಿ, ಅದು ಪೋರ್ಚುಗೀಸರಿಂದ ಬಂದ ಮಾತು. ಅದರಿಂದ ಪಲ್ಯದ ರುಚಿ ಕೆಡಲಿಲ್ಲ ಅಲ್ವಾ?

ಮಾತು ಹೀಗೆ ಬದಲಾಗುತ್ತಲೇ ಬಂದಿದೆ ಅಂದಮೇಲೆ, ಮನುಷ್ಯನ ಮೊದಲ ಮಾತು ಹೇಗೆ ಹುಟ್ಟಿತು? ಮಾತು ಮೂಳೆಯ ಹಾಗೆ ಮಣ್ಣಲ್ಲಿ ಉಳಿಯುವುದಿಲ್ಲ. ಊಹೆಗಳು ಎಷ್ಟು ಜಾಸ್ತಿಯಾದವು ಅಂದ್ರೆ, 1866ರಲ್ಲಿ ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘ ಈ ವಿಷಯದ ಲೇಖನವೇ ಬೇಡ ಎಂದು ನಿಯಮ ಮಾಡಿತು. ಆದರೆ ಒಂದು ಭಾಷೆ ಹುಟ್ಟಿದ್ದನ್ನು ನಮ್ಮ ಕಾಲದವರೇ ಕಂಡಿದ್ದಾರೆ. 1970ರ ದಶಕದ ಕೊನೆಗೆ ನಿಕರಾಗುವಾ ದೇಶದಲ್ಲಿ ಕಿವಿ ಕೇಳದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದರು. ಶಿಕ್ಷಕರು ಕಲಿಸಹೊರಟಿದ್ದು ಸ್ಪ್ಯಾನಿಷ್, ತುಟಿ ನೋಡಿ ತಿಳಿಯುವುದು. ಅದು ಹತ್ತಲಿಲ್ಲ. ಮಕ್ಕಳು ಮನೆಯಲ್ಲಿ ಬಳಸುತ್ತಿದ್ದ ಕೈಸನ್ನೆಗಳನ್ನು ಆಟದ ಬಯಲಲ್ಲಿ, ಬಸ್ಸಿನಲ್ಲಿ ಬೆರೆಸಿಕೊಂಡರು. ಆಮೇಲೆ ಬಂದ ಪುಟ್ಟ ಮಕ್ಕಳು ಅದನ್ನೇ ನೋಡಿ ಕಲಿತು, ಅದಕ್ಕೆ ಹೊಸ ವ್ಯಾಕರಣ ಕಟ್ಟಿದರು. ದೊಡ್ಡವರು ಯಾರೂ ಹೇಳಿಕೊಟ್ಟಿರಲಿಲ್ಲ. ಇದನ್ನು ಮೊದಲು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಭಾಷೆ ಕಟ್ಟುವ ಶಕ್ತಿ ಇರುವುದೇ ಮಕ್ಕಳಲ್ಲಿ! ನಾವೋ, ಅದೇ ಮಕ್ಕಳ ಮಾತಿಗೆ ಕೆಂಪು ಗೆರೆ ಎಳೆಯುತ್ತೇವೆ.

ಪುಸ್ತಕದ ಕನ್ನಡ ಬೇಡ ಅಂತ ಹೇಳುತ್ತಿಲ್ಲ. ಪರೀಕ್ಷೆಗೆ, ಅರ್ಜಿಗೆ ಅದು ಬೇಕು, ಕಲಿಸಲೇಬೇಕು. ಮಾಸ್ತರರೇ, ಅಕ್ಕೋರೇ, ನನ್ನದೊಂದು ಕೋರಿಕೆ. 'ಬಂದಳು' ಅಂತ ಪಕ್ಕದಲ್ಲಿ ಬರೆಸಿ. 'ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹೀಗೆ' ಅಂತ ಹೇಳಿ. ಗೆರೆ ಮಾತ್ರ ಎಳೆಯಬೇಡಿ.

ನನ್ನ ತಂಗಿಯ ಮಗಳು ಈ ಜೂನಿಗೆ ಒಂದನೇ ಕ್ಲಾಸಿಗೆ ಹೋಗುತ್ತಾಳೆ. ದಿನಾ ಸಂಜೆ ಬಾಗಿಲಿಗೆ ಓಡಿ ಬಂದು ಕೂಗುತ್ತಾಳೆ: 'ಅಮ್ಮಮ್ಮ ಬಂತು!'